ಡೈನೀನ್ ಇಲ್ಲದಿದ್ದರೂ ನ್ಯೂಕ್ಲಿಯಸ್ ಓಡುತ್ತದೆ

ಕೋಶದೊಳಗೆ ಸರಕು ಎಳೆಯುವ ಮೋಟಾರ್ ಪ್ರೋಟೀನ್‌ಗಳಲ್ಲಿ ಡೈನೀನ್ ಒಂದು. ಹೂಬಿಡುವ ಗಿಡಗಳಲ್ಲಿ ಡೈನೀನ್ ಇಲ್ಲ, ಹಾಗಾದರೆ ಕೋಶದ ನ್ಯೂಕ್ಲಿಯಸ್ಸನ್ನು (ಡಿಎನ್‌ಎ ಇರುವ ಕೋಶಕೇಂದ್ರವನ್ನು) ಎಳೆಯುವುದು ಯಾರು ಅಂತ ಕೇಳಿದ್ದೀರಿ. ಮುಖ್ಯವಾಗಿ ಮಯೋಸಿನ್ ಅನ್ನುವ ಇನ್ನೊಂದು ಮೋಟಾರ್ ಪ್ರೋಟೀನ್. ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಸುವ ಅರಾಬಿಡಾಪ್ಸಿಸ್ ಗಿಡದಲ್ಲಿ ಮಯೋಸಿನ್ XI-ಐ ಅನ್ನುವುದೇ ಈ ಕೆಲಸದ್ದು. ನ್ಯೂಕ್ಲಿಯಸ್ಸಿನ ಹೊರಪೊರೆಯಲ್ಲಿ ವಿಟ್1, ವಿಟ್2 ಎಂಬ ಪ್ರೋಟೀನ್‌ಗಳಿವೆ, ಮಯೋಸಿನ್ನಿನ ಬಾಲ ಅವಕ್ಕೆ ಸಿಕ್ಕಿಕೊಳ್ಳುತ್ತದೆ, ತಲೆ ಭಾಗ ಎಟಿಪಿ (ಕೋಶದ ಇಂಧನ) ಖರ್ಚು ಮಾಡುತ್ತಾ ಆಕ್ಟಿನ್ ಎಂಬ ಪ್ರೋಟೀನ್ ಎಳೆಯ ಮೇಲೆ ನಡೆಯುತ್ತದೆ. ಎತ್ತು ಗಾಡಿ ಎಳೆದ ಹಾಗೆ, ಅಷ್ಟೇ.

ಆಕಾರದ ವಿಷಯ ಇನ್ನೂ ಮಜವಾಗಿದೆ. ಬೇರುರೋಮದಂಥ ಉದ್ದ ಕೋಶಗಳಲ್ಲಿ ನ್ಯೂಕ್ಲಿಯಸ್ ಕದಿರಿನಂತೆ ನೀಳವಾಗಿರುತ್ತದೆ. ಮಯೋಸಿನ್ XI-ಐ ಜೀನ್ ಕೆಟ್ಟುಹೋದ ಮ್ಯೂಟೆಂಟ್ ಗಿಡದಲ್ಲಿ ಅದು ದುಂಡಗಾಗುತ್ತದೆ, ಅಲ್ಲಲ್ಲಿ ಪೊರೆ ಒಳಕ್ಕೆ ಮಡಚಿಕೊಂಡಿರುತ್ತದೆ, ಓಡಾಟವೂ ನಿಧಾನ. ಅಂದರೆ ಎಳೆತವೇ ಆಕಾರವನ್ನೂ ಕಾಯುತ್ತಿದೆ, ಅಲ್ವಾ?

ಆದರೆ ಎಲ್ಲವನ್ನೂ ಮಯೋಸಿನ್ ತಲೆಗೆ ಕಟ್ಟಬೇಡಿ. ಜೋರು ನೀಲಿ ಬೆಳಕು ಬಿದ್ದಾಗ ಎಲೆಯ ಮೇಲುಪದರದ ಕೋಶದಲ್ಲಿ ನ್ಯೂಕ್ಲಿಯಸ್ ಪಕ್ಕದ ಗೋಡೆಗೆ ಸರಿಯುತ್ತದಲ್ಲ, ಅಲ್ಲಿ ಅದಕ್ಕೆ ಅಂಟಿಕೊಂಡ ಪ್ಲಾಸ್ಟಿಡ್‌ಗಳೇ (ಹರಿತ್ಕಣಗಳ ಗುಂಪಿನ ಕಣಗಳು) ಸರಿದು ಅದನ್ನೂ ಜೊತೆಗೆ ಒಯ್ಯುತ್ತವೆ. ಬೆಳಕನ್ನು ಗುರುತಿಸುವುದು ಫೋಟೊಟ್ರೋಪಿನ್2 ಎಂಬ ಪ್ರೋಟೀನ್. ಪಾಚಿಗಿಡ (ಮಾಸ್) ಫಿಸ್ಕೊಮಿಟ್ರೆಲ್ಲಾದಲ್ಲಂತೂ ಕೈನೆಸಿನ್ ಎಂಬ ಬೇರೆ ಮೋಟಾರ್ ಪ್ರೋಟೀನ್‌ಗಳು ಮೈಕ್ರೋಟ್ಯೂಬ್ಯೂಲ್ (ಕೋಶದೊಳಗಿನ ಸಣ್ಣ ಕೊಳವೆಯಂಥ ಎಳೆ) ಹಿಡಿದು ನ್ಯೂಕ್ಲಿಯಸ್ಸನ್ನು ಸಾಗಿಸುತ್ತವೆ, ಡೈನೀನಿನ ಜಾಗ ತುಂಬಿದ್ದು ಅಲ್ಲಿ ಅವೇ.