ಬಾಯಿ ಆಡಿಸುತ್ತಿದ್ದ ಅಮ್ಮ

ಒಂಟಿತನ ಅಂತ ಯಾರಾದರೂ ಬಂದರೆ ಸಲಹೆ ಕೊಡುವ ನಮ್ಮಂಥವರ ಬಾಯಲ್ಲಿ ಥಟ್ಟನೆ ಬರುವ ಮಾತು, 'ಭಜನಾ ಮಂಡಳಿ ಸೇರಿಕೊಳ್ಳಿ'. ನಾನೂ ಬೇಕಾದಷ್ಟು ಜನಕ್ಕೆ ಹೇಳಿದ್ದೇನೆ. ಈಗ ಅಷ್ಟು ಸಲೀಸಾಗಿ ಹೇಳುವುದಿಲ್ಲ. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಒಬ್ಬ ಅಮ್ಮ, ಐವತ್ತೈದು ದಾಟಿದವರು. ತೀರ್ಥಹಳ್ಳಿ ಕಡೆಯ ತೋಟದ ಮನೆ ಬಿಟ್ಟು ಶಿವಮೊಗ್ಗದಲ್ಲಿ ಮಗನ ಮನೆ ಸೇರಿದ್ದರು. ಕೋಣೆ ಬಾಗಿಲು ಹಾಕಿಕೊಂಡು ಮೊಬೈಲಿನ ಕರೋಕೆ ಜೊತೆ ಒಬ್ಬರೇ ಹಾಡ್ತಾರೆ, ಯಾರ ಜೊತೆಗೂ ಬೆರೆಯಲ್ಲ ಅನ್ನೋದು ಸೊಸೆಯ ಚಿಂತೆ. ಮಂಡಳಿಗೆ ಹೋಗಿ ಅಂದೆ. ಹೋದರು.

ಎಂಟು ತಿಂಗಳ ಮೇಲೆ ಮತ್ತೆ ಬಂದರು. ಜೋರು ಮಳೆ. ಒದ್ದೆ ಛತ್ರಿಯನ್ನು ಹೊರಗಿಡದೆ ಮಡಿಲಲ್ಲೇ ಇಟ್ಟುಕೊಂಡು ಕೂತರು. ಹಾಡು ಹೇಗೆ ನಡೀತಿದೆ ಅಂದೆ.

"ನಾನೆಲ್ಲಿ ಹಾಡ್ತೀನಿ ಮೇಡಂ, ಬಾಯಿ ಆಡಿಸ್ತೀನಿ ಅಷ್ಟೆ. ಇಷ್ಟು ದಿನ ಆದ್ರೂ ಯಾರಿಗೂ ಗೊತ್ತಾಗಿಲ್ಲ."

ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ವಿಷಯ ಇಷ್ಟೆ. ಅಲ್ಲಿ ಹೇಳಿಕೊಡುವವರ ಶ್ರುತಿ, ಅಂದರೆ ಹಾಡಿಗೆ ಆಧಾರವಾಗಿ ಇಟ್ಟುಕೊಳ್ಳುವ ಸ್ವರ, ಐದೂವರೆ; ಇವರಿಗೆ ಅದು ಎತ್ತರ. ಮುಟ್ಟು ನಿಂತ ಮೇಲೆ ಎಷ್ಟೋ ಹೆಂಗಸರ ಧ್ವನಿ ತಗ್ಗುತ್ತದೆ, ಇವರದ್ದೂ ತಗ್ಗಿತ್ತು. ಮೇಲಿನ ಸ್ವರಕ್ಕೆ ಗಂಟಲು ಕಟ್ಟುತ್ತಿತ್ತು. ಶ್ರುತಿ ಇಳಿಸಿ ಅಂತ ಕೇಳಲು ಹೊಸಬರಿಗೆ ಸಂಕೋಚ. ಗುಂಪಿಗೆ ಕಳಿಸಿದ ನಾನು ಶ್ರುತಿ ಯಾವುದು ಅಂತ ಒಮ್ಮೆಯೂ ಕೇಳಿರಲಿಲ್ಲ.

ಮೂರು ತಿಂಗಳು ಮಂಡಳಿ ಬಿಡಿ ಅಂದೆ. ಕರೋಕೆಯೂ ಬೇಡ, ಅದು ಬೇರೆಯವರ ಶ್ರುತಿ. ತಂಬೂರಿ ಆ್ಯಪ್ ಹಾಕಿಕೊಂಡು ದಿನಾ ಹತ್ತು ನಿಮಿಷ, ಗಂಟಲಿಗೆ ಹಿತವಾದ ಶ್ರುತಿ ಇಟ್ಟುಕೊಂಡು ಹಾಡಿ. ಗುಂಪು ಆಮೇಲೆ ನೋಡೋಣ. ನನ್ನ ಜೊತೆ ಕೆಲಸ ಮಾಡುವವರೊಬ್ಬರು, ಮೊದಲೇ ಒಂಟಿ, ಅವರನ್ನ ಮತ್ತೆ ಕೋಣೆಗೆ ಕಳಿಸಿದಿರಲ್ಲ ಅಂದರು. ಇರಬಹುದು. ಆದರೆ ಇಪ್ಪತ್ತು ಜನರ ನಡುವೆ ಕೂತು ಬಾಯಿ ಆಡಿಸುವುದಕ್ಕಿಂತ ದೊಡ್ಡ ಒಂಟಿತನ ನನಗಂತೂ ಗೊತ್ತಿಲ್ಲ. ತನ್ನ ಧ್ವನಿ ಎಲ್ಲಿದೆ ಅಂತ ಗೊತ್ತಿದ್ದವರಿಗೆ ಮಾತ್ರ 'ಸ್ವಲ್ಪ ಇಳಿಸಿ' ಅನ್ನಲು ಬಾಯಿ ಬರುತ್ತದೆ.

ಏಳುವಾಗ ಕೇಳಿದೆ, ಊರಲ್ಲಿ ಯಾರ ಜೊತೆ ಹಾಡ್ತಿದ್ರಿ? ಮದುವೆ ಮನೆಗಳಲ್ಲಿ ಅತ್ತಿಗೆ ಜೊತೆ ಹಸೆ ಹಾಡು, ಒಬ್ಬರು ಹೇಳಿದ ಸಾಲನ್ನು ಇನ್ನೊಬ್ಬರು ಎತ್ತಿಕೊಳ್ಳುವುದು. ಸೋಲೋನೂ ಅಲ್ಲ, ಗುಂಪೂ ಅಲ್ಲ. ನನ್ನ ಪಟ್ಟಿಯಲ್ಲಿ ಅದು ಇರಲೇ ಇಲ್ಲ ನೋಡಿ.

ಈಗ ಮಧ್ಯಾಹ್ನ ಊಟ ಆದಮೇಲೆ ಅತ್ತಿಗೆಗೆ ಫೋನ್ ಮಾಡುತ್ತಾರಂತೆ. ಫೋನಿನಲ್ಲಿ ಧ್ವನಿ ಒಂದು ಚೂರು ತಡವಾಗಿ ತಲುಪುತ್ತದೆ, ಒಟ್ಟಿಗೆ ಹಾಡಲು ಹೋದರೆ ತಾಳ ಕೆಡುತ್ತದೆ. "ಹಸೆ ಹಾಡಿಗೆ ಅದರ ಕಾಟ ಇಲ್ಲ ಮೇಡಂ, ಅವಳ ಸಾಲು ಮುಗಿದ ಮೇಲೇ ಅಲ್ವಾ ನಂದು" ಅಂದರು.