ಡಿಸ್ನಿ ವರ್ಲ್ಡ್‌ನಲ್ಲಿ ಮಿಕ್ಕಿಯಂಥ ವೇಷಧಾರಿ ಪಾತ್ರಗಳ ಜೊತೆಗಿನ ಬೆಳಗಿನ ಉಪಾಹಾರಕ್ಕೆ ಯಾವ ಜಾಗವನ್ನು ಆರಿಸಬೇಕು? ನಮ್ಮ ಮಗಳಿಗೆ ನಾಲ್ಕು ವರ್ಷ.

ತಿಂಡಿಯ ಪಟ್ಟಿ ನೋಡಿ ಆರಿಸಬೇಡಿ, ಮಗಳನ್ನೇ ಕೇಳಿ. ಅವಳಿಗೆ ಮಿಕ್ಕಿ ಪ್ರಾಣವಾದರೆ ಕಂಟೆಂಪರರಿ ಎಂಬ ಡಿಸ್ನಿ ವಸತಿ ಹೋಟೆಲಿನ ಶೆಫ್ ಮಿಕ್ಕೀಸ್, ಪೂ ಕರಡಿಯಾದರೆ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಒಳಗಿನ ಕ್ರಿಸ್ಟಲ್ ಪ್ಯಾಲೇಸ್. ಎರಡೂ ಬಫೆ; ಮೂರು ವರ್ಷದೊಳಗಿನ ಮಕ್ಕಳಿಗೆ ಹಣವಿಲ್ಲ, ಹತ್ತು ತುಂಬಿದರೆ ದೊಡ್ಡವರ ದರ.

ವಸತಿ ಹೋಟೆಲಿನಲ್ಲಿ ತಿನ್ನಲು ಪಾರ್ಕಿನ ಟಿಕೆಟ್ ಬೇಕಿಲ್ಲ. ಹಾಗಾಗಿ ಪಾರ್ಕಿಗೆ ಹೋಗದ ದಿನ ಇದನ್ನು ಇಟ್ಟುಕೊಳ್ಳುವುದು ನನ್ನ ಬಲವಾದ ಸಲಹೆ. ಪಾತ್ರಗಳು ಒಂದೊಂದಾಗಿ ಮೇಜಿನಿಂದ ಮೇಜಿಗೆ ಬರುತ್ತವೆ, ಅವಸರ ಮಾಡಿದರೆ ಸುಖವಿಲ್ಲ. ಪಾರ್ಕಿನ ಒಳಗಾದರೆ, ಸರತಿ ಸಾಲು ಚಿಕ್ಕದಿರುವ ಮುಂಜಾನೆಯ ಹೊತ್ತು ತಟ್ಟೆಯ ಮುಂದೆಯೇ ಕಳೆದುಹೋಗುತ್ತದೆ. ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆಯೊಳಗಿನ ಸಿಂಡ್ರೆಲಾಸ್ ರಾಯಲ್ ಟೇಬಲ್ ತುಂಬಾ ದುಬಾರಿ. ರಾಜಕುಮಾರಿಯರೆಂದರೆ ಕಣ್ಣರಳಿಸುವ ಮಗುವಿಗೆ ಮಾತ್ರ ಅಷ್ಟು ಖರ್ಚು ಸಾರ್ಥಕ.

ಒಂದು ಮಾತು ಮರೆಯಬೇಡಿ: ಟಿವಿಯಲ್ಲಿ ಮುದ್ದಾಗಿ ಕಂಡ ಮಿಕ್ಕಿ ಎದುರು ನಿಂತಾಗ ಮಗುವಿಗಿಂತ ತುಂಬಾ ಎತ್ತರ, ತಲೆಯಂತೂ ಇನ್ನೂ ದೊಡ್ಡದು. ಕೆಲವು ಮಕ್ಕಳು ಅಮ್ಮನ ಸೆರಗಿನ ಹಿಂದೆ ಅಡಗಿಬಿಡುತ್ತಾರೆ. ಆಗ ಫೋಟೋಕ್ಕಾಗಿ ಮುಂದೆ ತಳ್ಳಬೇಡಿ. ದೂರದಿಂದ ಕೈಬೀಸಲಿ, ಸಾಕು. ಹಸ್ತಾಕ್ಷರ ಬೇಕಿದ್ದರೆ ದಪ್ಪ ಪೆನ್ನು ಒಯ್ಯಿರಿ. ಕೈಗವಸಿನ ಬೆರಳುಗಳಿಗೆ ತೆಳ್ಳಗಿನದು ಹಿಡಿತಕ್ಕೆ ಸಿಗುವುದಿಲ್ಲ.

ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ. ಅದೇ ಬೆಳಿಗ್ಗೆ ಪ್ರಯತ್ನಿಸಿ. ಸಿಗದಿದ್ದರೆ ಮತ್ತೆ ಮತ್ತೆ ನೋಡುತ್ತಿರಿ, ಜನ ರದ್ದು ಮಾಡುತ್ತಲೇ ಇರುತ್ತಾರೆ.