ಓದುಗರ ಪ್ರಶ್ನೆ: ಕಾಳಿನೊಳಗಿನ ಲೆಕ್ಟಿನ್ ಗಿಡಕ್ಕೆ ಯಾಕೆ ಬೇಕು?

ಪ್ರಶ್ನೆ: ಸರಿಯಾಗಿ ಬೇಯದ ರಾಜ್ಮಾ ತಿಂದು ನಮ್ಮನೇಲಿ ಇಬ್ಬರಿಗೆ ವಾಂತಿ ಆಯಿತು. ಅದರಲ್ಲಿರುವ ಲೆಕ್ಟಿನ್ ಕಾರಣ ಅಂತ ಹೇಳಿದರು. ಇಂಥದ್ದು ಗಿಡಕ್ಕಾದರೂ ಯಾಕೆ ಬೇಕು?

ಉತ್ತರ: ಮೊದಲು ಅಡುಗೆಯ ಮಾತು. ರಾಜ್ಮಾ ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕೊತಕೊತ ಕುದಿಸಿ ಮೆತ್ತಗೆ ಬೇಯಿಸಿ. ಕುದಿ ಬಾರದ ಸಣ್ಣ ಉರಿ ಸಾಲದು.

ಲೆಕ್ಟಿನ್ ಅಂದರೆ ಸಕ್ಕರೆಯನ್ನು ಹಿಡಿದುಕೊಳ್ಳುವ ಪ್ರೋಟೀನ್. ಡಬ್ಬಿಯ ಸಕ್ಕರೆ ಅಲ್ಲ, ಜೀವಕೋಶಗಳ ಮೈಮೇಲೆ ಸಣ್ಣ ಸರಗಳ ಹಾಗೆ ಅಂಟಿಕೊಂಡಿರುವ ಸಕ್ಕರೆ. ಒಂದೊಂದು ಲೆಕ್ಟಿನ್ನಿಗೂ ಬೇಕಾದ ಸಕ್ಕರೆಯೇ ಬೇರೆ. ನಮ್ಮ ಹುರಳಿಯನ್ನೇ ನೋಡಿ. ಹಸಿ ಹುರಳಿ ಪುಡಿಯನ್ನು ಉಪ್ಪುನೀರಲ್ಲಿ ನೆನೆಸಿ, ಸೋಸಿ, ಹದವಾಗಿ ತೆಳು ಮಾಡಿ ಒಂದು ತೊಟ್ಟನ್ನು ರಕ್ತದ ಜೊತೆ ಬೆರೆಸಿದರೆ, ಎ ರಕ್ತದ ಗುಂಪಿನಲ್ಲೇ ಇರುವ ಎ1, ಎ2 ಎಂಬ ಎರಡು ಒಳಗುಂಪುಗಳಲ್ಲಿ ಎ1ರ ಕೆಂಪು ಕಣಗಳು ಕಣ್ಣೆದುರೇ ಗಂಟುಗಂಟಾಗುತ್ತವೆ, ಎ2 ಆದರೆ ಸುಮ್ನೆ ತೇಲಿಕೊಂಡಿರುತ್ತವೆ. ರಕ್ತನಿಧಿಗಳಲ್ಲಿ ಇವೆರಡನ್ನು ಬೇರೆ ಮಾಡಲು ಈ ಹುರಳಿ ಲೆಕ್ಟಿನ್ನನ್ನೇ ಬಳಸುತ್ತಾರೆ. ನಾವು ಸಾರು ಮಾಡುವ ಕಾಳು ಇಷ್ಟು ಸೂಕ್ಷ್ಮ ಗುರುತಿಸುತ್ತದೆ ಅಂದರೆ ನನಗೆ ಇವತ್ತಿಗೂ ಬೆರಗು!

ಹುರಳಿಗೆ ನಮ್ಮ ರಕ್ತದಿಂದ ಏನೂ ಆಗಬೇಕಿಲ್ಲ, ಅಲ್ವಾ? ಬೀಜದ ಕೋಶದೊಳಗೆ ಲೆಕ್ಟಿನ್ ಒಂದು ಚೀಲದಲ್ಲಿ ತುಂಬಿಟ್ಟ ದಾಸ್ತಾನು. ಮೊಳಕೆ ಬಂದಾಗ ಸಸಿಗೆ ಅದೇ ಊಟ. ಅಷ್ಟರೊಳಗೆ ಹುಳ ಕೊರೆದು ತಿಂದರೆ, ಕೆಲವು ಲೆಕ್ಟಿನ್‌ಗಳು ಅದರ ಕರುಳಿನ ಗೋಡೆಯ ಸಕ್ಕರೆಗೆ ಅಂಟಿಕೊಂಡು ಜೀರ್ಣವನ್ನೇ ಕೆಡಿಸುತ್ತವೆ. ನಿಮ್ಮ ಮನೆಯಲ್ಲಿ ಆಗಿದ್ದೂ ಹೆಚ್ಚುಕಮ್ಮಿ ಇದೇ.

ಎಲ್ಲ ಲೆಕ್ಟಿನ್ನೂ ದಾಸ್ತಾನಲ್ಲ. ತಂಬಾಕಿನ ಎಲೆಯಲ್ಲಿ ನಿಕ್ಟಾಬಾ ಅಂತ ಒಂದಿದೆ. ಮಾಮೂಲಿ ದಿನ ಹುಡುಕಿದರೂ ಸಿಗುವುದಿಲ್ಲ, ಕಂಬಳಿಹುಳ ಎಲೆ ಮೇಯಲು ಶುರು ಮಾಡಿದ ಮೇಲೆ ತಯಾರಾಗುತ್ತದೆ. ಅದು ಕೋಶದ ನ್ಯೂಕ್ಲಿಯಸ್ಸಿಗೂ ಹೋಗಿ, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳ ಮೇಲಿನ ಸಕ್ಕರೆಯನ್ನು ಹಿಡಿಯುತ್ತದೆ. ಭತ್ತದಲ್ಲಿ ಇನ್ನೊಂದು ಬಗೆ, ಕೋಶದ ಹೊರಮೈಯಲ್ಲೇ ಕೂತು ಶಿಲೀಂಧ್ರದ ಗೋಡೆಯಿಂದ ಉದುರಿದ ಕೈಟಿನ್ ಅನ್ನುವ ಸಕ್ಕರೆ ಸರದ ಚೂರು ಸಿಕ್ಕ ತಕ್ಷಣ ಒಳಗೆ ಸುದ್ದಿ ಮುಟ್ಟಿಸುತ್ತದೆ.

ರೋಗ, ಹುಳ ಏನೂ ಇಲ್ಲದಾಗಲೂ ಒಂದು ಕೆಲಸ ನಡೆದೇ ಇರುತ್ತದೆ. ಕೋಶದೊಳಗೆ ಹೊಸದಾಗಿ ತಯಾರಾದ ಎಷ್ಟೋ ಪ್ರೋಟೀನುಗಳಿಗೆ ಸಕ್ಕರೆಯ ಬಾಲ ಇರುತ್ತದೆ. ಕ್ಯಾಲ್‌ರೆಟಿಕ್ಯುಲಿನ್ ಅನ್ನುವ ಲೆಕ್ಟಿನ್ ಆ ಬಾಲ ಹಿಡಿದುಕೊಂಡು, ಪ್ರೋಟೀನು ಸರಿಯಾಗಿ ಮಡಚಿಕೊಳ್ಳುವ ತನಕ ಹೊರಗೆ ಬಿಡುವುದಿಲ್ಲ. ಎಷ್ಟು ಸಲಕ್ಕೂ ಸರಿಹೋಗದಿದ್ದರೆ ಆ ಪ್ರೋಟೀನನ್ನು ಕೋಶವೇ ಒಡೆದುಹಾಕುತ್ತದೆ.